ರಾಣಿ ಛಾಪಿನ ರೂಪಾಯಿ ಮತ್ತು ವಯಸ್ಸಾಗದ ಮುಖಗಳು

ಸಾಗರದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ವರ್ಷಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ, ಮರದ ಪೆಟ್ಟಿಗೆಯಿಂದ ಹೊರಬರುವ ಒಂದು ಬೆಳ್ಳಿಯ ರೂಪಾಯಿ ಇತ್ತು. ಹಿತ್ತಾಳೆಯ ತಟ್ಟೆಯಲ್ಲಿ ಅಕ್ಕಿ ಹರಡಿ, ವೀಳ್ಯದೆಲೆ ಮತ್ತು ಅಡಿಕೆ ಹೂವಿನ ಸಿಂಗಾರದ ಜೊತೆಗೆ ಅದನ್ನಿಟ್ಟು, ಅದರ ಮೇಲಿದ್ದ ಹೆಂಗಸಿನ ಹಣೆಗೆ ಅಜ್ಜಿ ಕುಂಕುಮ ಹಚ್ಚುತ್ತಿದ್ದರು. ಇದು ಯಾವ ದೇವರು ಎಂದು ನಾನು ಕೇಳಿದಾಗ ಅವರು ಕೊಟ್ಟ ಉತ್ತರ ಇಂದಿಗೂ ನೆನಪಿದೆ: "ದೇವರಲ್ಲ ತಮಾ, ಇದು ರಾಣಿ ಛಾಪು. ನನ್ನ ಮಾವ ಅಡಿಕೆ ಮಾರಿ ತಂದಿದ್ದು." ರಾಣಿ ಯಾರು, ಯಾವ ಊರಿನವಳು ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಕಿರೀಟ ತೊಟ್ಟು ಎಡಕ್ಕೆ ತಿರುಗಿ ಕುಳಿತ, ಹೂಬಳ್ಳಿಯ ಕಸೂತಿಯ ಉಡುಪಿನ, ಕೊರಳಲ್ಲಿ ಹಾರವಿದ್ದ ಆ ಮುಖ ಚೆಂದವಾಗಿತ್ತು, ನಾಣ್ಯ ತೂಕವಾಗಿತ್ತು, ಅಷ್ಟೇ ಸಾಕಾಗಿತ್ತು.

ರಾಣಿಯರ ಮತ್ತು ಸಾಮ್ರಾಜ್ಞಿಯರ ಮುಖವಿರುವ ನಾಣ್ಯಗಳನ್ನು ಸಂಗ್ರಹಿಸುವ ನನ್ನ ಹವ್ಯಾಸ ಹುಟ್ಟಿದ್ದು ಅಲ್ಲಿ. ಮೊದಲ ಕೆಲವು ವರ್ಷ ಸೌಂದರ್ಯವೊಂದೇ ನನ್ನ ಅಳತೆಗೋಲಾಗಿತ್ತು. ಮೂಗು, ಗದ್ದ, ಜಡೆಯ ಕಟ್ಟು ಚೆನ್ನಾಗಿದ್ದರೆ ಕೊಳ್ಳುತ್ತಿದ್ದೆ, ಇಲ್ಲದಿದ್ದರೆ ಬಿಡುತ್ತಿದ್ದೆ. ಆಮೇಲೆ ನಾಣ್ಯಗಳ ಸಂಖ್ಯೆ ಹೆಚ್ಚಿ, ಒಂದರ ಪಕ್ಕ ಒಂದನ್ನಿಟ್ಟು ನೋಡುವ ಅಭ್ಯಾಸವಾದ ಮೇಲೆ, ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ: ಈ ರಾಣಿಯರಿಗೆ ವಯಸ್ಸಾಗುವುದಿಲ್ಲ. ಅದಕ್ಕೆ ಕಾರಣ ರಾಣಿಯರ ಅಂದವಲ್ಲ, ನಾಣ್ಯವನ್ನು ಕೈಯಲ್ಲಿ ಹಿಡಿದವರ ನಂಬಿಕೆ ಎಂಬುದು ನಾನು ನಿಧಾನವಾಗಿ ಕಂಡುಕೊಂಡ ವಿಷಯ.

ವಿಕ್ಟೋರಿಯಾಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಅತಿ ಹೆಚ್ಚು ಉಳಿದಿರುವ ರಾಣಿ ಅವಳೇ. 1819ರ ಮೇ 24ರಂದು ಹುಟ್ಟಿದ ಅವಳು 1837ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಪಟ್ಟಕ್ಕೆ ಬಂದಳು. ಭಾರತದ ರೂಪಾಯಿಯ ಮೇಲೆ ಅವಳ ಮುಖ ಮೊದಲು ಕಾಣಿಸಿಕೊಂಡದ್ದು 1840ರ ಇಸವಿ ಹೊತ್ತ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯಗಳಲ್ಲಿ. ಆ ಮುಖವನ್ನು ಕೆತ್ತಿದವನು ಲಂಡನ್ನಿನ ಟಂಕಸಾಲೆಯ ವಿಲಿಯಂ ವಯಾನ್. ಕಿರೀಟವಿಲ್ಲ, ಆಭರಣವಿಲ್ಲ, ಕೂದಲನ್ನು ಹಿಂದಕ್ಕೆ ಬಾಚಿ ಗಂಟು ಹಾಕಿ ಪಟ್ಟಿಯಿಂದ ಬಿಗಿದ, ಬರಿಗೊರಳಿನ ಎಳೆಯ ಹುಡುಗಿಯ ಮುಖ ಅದು. ಇದೇ ವಯಾನ್ ಹದಿನೈದು ವರ್ಷದ ವಿಕ್ಟೋರಿಯಾಳನ್ನು ಎದುರಿಗೆ ಕೂರಿಸಿಕೊಂಡು ಬರೆದುಕೊಂಡಿದ್ದ ರೂಪವೇ ಮುಂದೆ ಒಂದು ಪದಕಕ್ಕೂ, ಅಲ್ಲಿಂದ 1840ರಲ್ಲಿ ಬಂದ ಜಗತ್ತಿನ ಮೊದಲ ಅಂಚೆಚೀಟಿಗೂ ಆಧಾರವಾಯಿತು. 1840ರ ರೂಪಾಯಿಯಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ 'ವಿಕ್ಟೋರಿಯಾ ಕ್ವೀನ್' ಎಂಬ ಬರಹ ತಲೆಯ ಮೇಲೆ ಕಮಾನಿನಂತೆ ಒಂದೇ ಸಾಲಾಗಿ ಹರಿಯುತ್ತದೆ. ಇನ್ನೊಂದರಲ್ಲಿ ತಲೆ ನಡುವೆ ಬಂದು ಎರಡು ಪದಗಳನ್ನು ಆಚೆ ಈಚೆ ಬೇರೆ ಮಾಡುತ್ತದೆ. ಸಂಗ್ರಾಹಕರು ಇವೆರಡನ್ನೂ ಪಕ್ಕಪಕ್ಕದಲ್ಲಿಡಲು ಬಯಸುತ್ತಾರೆ. ನನಗೆ ಮೊದಲನೆಯದು ಹೆಚ್ಚು ಇಷ್ಟ; ಅದರಲ್ಲಿ ಮುಖದ ಸುತ್ತ ಗಾಳಿಯಾಡುವಷ್ಟು ಜಾಗವಿದೆ.

ಕಂಪನಿಯ ಆಡಳಿತ ಮುಗಿದು ಭಾರತ ನೇರವಾಗಿ ರಾಣಿಯ ಆಳ್ವಿಕೆಗೆ ಬಂದ ಮೇಲೆ, 1862ರಲ್ಲಿ ಹೊಸ ರೂಪಾಯಿ ಬಂತು. ಅಜ್ಜಿಯ ನಾಣ್ಯ ಈ ಜಾತಿಯದು. ಬರಿಗೊರಳಿನ ಹುಡುಗಿಯ ಬದಲು ಕಿರೀಟ ಧರಿಸಿದ, ಎದೆಯ ತನಕ ಕಾಣುವ, ಕುಸುರಿಯ ಉಡುಪಿನ ರಾಣಿ ಬಂದಳು. ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ, ನೂರಕ್ಕೆ 91.7 ಪಾಲು ಬೆಳ್ಳಿ. ನಮ್ಮ ಹಿರಿಯರು ಔಷಧಿಯನ್ನೂ ಬಂಗಾರವನ್ನೂ 'ರೂಪಾಯಿ ತೂಕ'ದಲ್ಲಿ ಹೇಳುತ್ತಿದ್ದುದು ಈ ಲೆಕ್ಕದಿಂದ. ಎಂಟಾಣೆ ಅದರ ಅರ್ಧ, ನಾಲ್ಕಾಣೆ ಕಾಲು, ಎರಡಾಣೆಯಂತೂ ಕೇವಲ 1.46 ಗ್ರಾಮಿನ ಬೆಳ್ಳಿಯ ಚೂರು. ಅಷ್ಟು ಸಣ್ಣದರ ಮೇಲೂ ಕೆತ್ತನೆಗಾರ ರಾಣಿಯ ಕಿರೀಟವನ್ನು ಬಿಟ್ಟಿಲ್ಲ. ಭೂತಗನ್ನಡಿಯ ಕೆಳಗೆ ಎರಡಾಣೆಯನ್ನಿಟ್ಟು ನೋಡುವ ಸುಖ ರೂಪಾಯಿಯಲ್ಲಿ ಇಲ್ಲ ಎಂದೇ ನಾನು ಹೇಳುತ್ತೇನೆ.

1861ರ ಡಿಸೆಂಬರಿನಲ್ಲಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ತೀರಿಕೊಂಡಿದ್ದ. ಉಳಿದ ನಲವತ್ತು ವರ್ಷ ಅವಳು ಕಪ್ಪು ಉಡುಪು ಬಿಡಲಿಲ್ಲ. ಹಾಗಾಗಿ ಕುಸುರಿಯ ಉಡುಪು ಮತ್ತು ಹಾರ ತೊಟ್ಟ ಈ ರಾಣಿ ನಮ್ಮ ಬಜಾರಿಗೆ ಬರುವ ಹೊತ್ತಿಗಾಗಲೇ ಇಂಗ್ಲೆಂಡಿನ ಅರಮನೆಯಲ್ಲಿ ಆ ರೂಪದ ಹೆಂಗಸು ಇರಲಿಲ್ಲ. ಇಂಗ್ಲೆಂಡಿನ ನಾಣ್ಯಗಳು ಕಾಲಕ್ಕೆ ತಕ್ಕಂತೆ ಬದಲಾದವು: 1887ರಲ್ಲಿ, ಪಟ್ಟಕ್ಕೆ ಬಂದ ಐವತ್ತರ ಸಂಭ್ರಮಕ್ಕೆ, ಜೋಸೆಫ್ ಬೋಮ್ ಎಂಬ ಶಿಲ್ಪಿ ತಲೆಯ ತುದಿಯಲ್ಲಿ ಪುಟ್ಟ ಕಿರೀಟವಿಟ್ಟ ಹಿರಿಯ ಹೆಂಗಸನ್ನು ಮಾಡಿದ, ಜನ ಅದನ್ನು ಮೆಚ್ಚಲಿಲ್ಲ, 1893ರಲ್ಲಿ ಥಾಮಸ್ ಬ್ರಾಕ್ ಮುಸುಕು ಹೊದ್ದ ವೃದ್ಧ ವಿಧವೆಯ ಗಂಭೀರವಾದ ಮುಖವನ್ನು ಕೊಟ್ಟ. ಈ ಎರಡೂ ಮುಖಗಳು ಭಾರತದ ರೂಪಾಯಿಗೆ ಬರಲೇ ಇಲ್ಲ. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ಅವಳನ್ನು ಭಾರತದ ಸಾಮ್ರಾಜ್ಞಿ ಎಂದು ಘೋಷಿಸಿದ ಮೇಲೆ 'ಕ್ವೀನ್' ಹೋಗಿ 'ಎಂಪ್ರೆಸ್' ಎಂಬ ಬರಹ ಬಂತು, ಮುಖ ಮಾತ್ರ ಹಾಗೆಯೇ ಉಳಿಯಿತು. 1862ರ ರೂಪಾಯಿಯನ್ನೂ 1901ರ ರೂಪಾಯಿಯನ್ನೂ ನನ್ನ ಮೇಜಿನ ಮೇಲೆ ಒಟ್ಟಿಗೆ ಇಡುತ್ತೇನೆ. ಮೊದಲನೆಯದನ್ನು ಅಚ್ಚು ಹಾಕಿದಾಗ ಅವಳಿಗೆ ನಲವತ್ಮೂರು. ಎರಡನೆಯದರ ವರ್ಷದಲ್ಲಿ, ಜನವರಿ 22ರಂದು, ಎಂಬತ್ತೊಂದು ದಾಟಿದ ಅವಳು ತೀರಿಕೊಂಡಳು. ಎರಡೂ ನಾಣ್ಯಗಳಲ್ಲಿ ಕೆನ್ನೆಯ ದುಂಡು ಒಂದೇ.

ವರ್ಷವೂ ಹೀಗೆಯೇ ನಿಂತುಬಿಡುತ್ತಿತ್ತು ಎಂಬುದು ಹೊಸದಾಗಿ ಸಂಗ್ರಹ ಆರಂಭಿಸಿದವರಿಗೆ ಅಚ್ಚರಿ ತರುವ ಸಂಗತಿ. 1840 ಎಂಬ ಇಸವಿಯ ರೂಪಾಯಿಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟಂಕವಾದವು. 1862 ಎಂಬ ಇಸವಿ ಮುಂದಿನ ಹನ್ನೊಂದು-ಹನ್ನೆರಡು ವರ್ಷ ಬದಲಾಗಲಿಲ್ಲ. ಇದರ ಬೇರು ಹಳೆಯದು. ನಾಣ್ಯದ ಮೇಲೆ ಹಳೆಯ ವರ್ಷ ಕಂಡರೆ ಅದು ಸವೆದಿದೆಯೆಂದು ಹೇಳಿ ಹಣ ಬದಲಿಸಿಕೊಡುವ ಚಿನಿವಾರರು ವಟ್ಟ, ಅಂದರೆ ಬೆಲೆಯಲ್ಲಿ ಕಡಿತ, ಹಿಡಿಯುತ್ತಿದ್ದರು. ಆ ತೊಂದರೆ ತಪ್ಪಿಸಲು ಕಂಪನಿಯು ಬಂಗಾಳದಲ್ಲಿ ಮೊಗಲ್ ಬಾದಶಹ ಷಾ ಆಲಮನ ಹೆಸರಿನ ರೂಪಾಯಿಗಳ ಮೇಲೆ ಅವನ ಆಳ್ವಿಕೆಯ 19ನೆಯ ವರ್ಷವನ್ನೇ ದಶಕಗಳ ಕಾಲ ಮುದ್ರಿಸಿತು. ಎಲ್ಲ ನಾಣ್ಯವೂ ಒಂದೇ ವಯಸ್ಸಿನದಾಗಿ ಕಂಡರೆ ವಟ್ಟ ಕೇಳಲು ಕಾರಣವಿರುವುದಿಲ್ಲ. ರಾಣಿಯ ಮುಖಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ ಎಂದು ನಾನು ತಿಳಿಯುತ್ತೇನೆ. ಓದು ಬಾರದ ರೈತ, ಸಂತೆಯ ವ್ಯಾಪಾರಿ, ಕೂಲಿಯವರು ನಾಣ್ಯವನ್ನು ಗುರುತಿಸುತ್ತಿದ್ದುದು ಮುಖದಿಂದ. ಆ ಮುಖ ಬದಲಾದ ದಿನ ಹಳ್ಳಿಯ ಅಂಗಡಿಯಲ್ಲಿ ಅನುಮಾನ ಹುಟ್ಟುತ್ತಿತ್ತು.

ನಮ್ಮ ನಾಡಿನಲ್ಲಿ ಇದು ಹೊಸ ಪಾಠವಲ್ಲ. ಅಜ್ಜಿಯ ಊರಿನಿಂದ ಕೂಗಳತೆಯಲ್ಲಿರುವ ಇಕ್ಕೇರಿಯ ಅರಸರು ತಮ್ಮ ಚಿನ್ನದ ವರಹದ ಮೇಲೆ ವಿಜಯನಗರದಿಂದ ಬಂದ ಉಮಾಮಹೇಶ್ವರರ ಚಿತ್ರವನ್ನೇ ಉಳಿಸಿಕೊಂಡರು. 1763ರಲ್ಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಹೈದರ್ ಅಲಿ ತನ್ನ ವರಹಗಳಲ್ಲಿಯೂ ಶಿವಪಾರ್ವತಿಯರನ್ನು ಮುಂದುವರಿಸಿ, ಹಿಮ್ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಹಾಕಿಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ಜೋಡಿಯಿದೆ. ಅರಸ ಬದಲಾದ, ಮನೆತನ ಬದಲಾಯಿತು, ಧರ್ಮವೂ ಬೇರೆಯಾಯಿತು. ಅಡಿಕೆ, ಮೆಣಸು, ಅಕ್ಕಿ ಮಾರುವವರ ಕೈಗೆ ಪರಿಚಯವಾಗಿದ್ದ ಆ ಸತಿಪತಿಯರನ್ನು ಬದಲಿಸುವ ಧೈರ್ಯವನ್ನು ಹೈದರನೂ ಮಾಡಲಿಲ್ಲ. ಶಿವನ ಎಡಕ್ಕೆ ಕುಳಿತ ಪಾರ್ವತಿ ಜೋಳದ ಕಾಳಿನ ಗಾತ್ರದಲ್ಲಿ ನಾಲ್ಕಾರು ಚುಕ್ಕಿಗಳಾಗಿ ಮೂಡಿರುತ್ತಾಳೆ. ನನ್ನ ಸಂಗ್ರಹ ರಾಣಿಯರದು, ದೇವಿಯರದಲ್ಲ. ಆದರೂ ಈ ಒಂದು ವರಹಕ್ಕೆ ನಾನು ಜಾಗ ಮಾಡಿಕೊಟ್ಟಿದ್ದೇನೆ.

ಇನ್ನು ಮಾರಿಯಾ ತೆರೇಸಾ. ನನ್ನ ಬಳಿ ಇರುವ ಅತ್ಯಂತ ದೊಡ್ಡ, ಅತ್ಯಂತ ತೂಕದ ಬೆಳ್ಳಿ ಇವಳದು: 28 ಗ್ರಾಮಿಗೆ ಸ್ವಲ್ಪ ಮೇಲೆ, ಸಾವಿರಕ್ಕೆ 833 ಪಾಲು ಬೆಳ್ಳಿ. ಹಂಗೇರಿ ಮತ್ತು ಬೊಹೀಮಿಯಾಗಳ ರಾಣಿಯಾಗಿ ಸ್ವಂತ ಹಕ್ಕಿನಿಂದ ಆಳಿದ, ಗಂಡನ ಪದವಿಯಿಂದ ಸಾಮ್ರಾಜ್ಞಿ ಎನಿಸಿಕೊಂಡ ಇವಳು 1780ರ ನವೆಂಬರ್ 29ರಂದು ವಿಯೆನ್ನಾದಲ್ಲಿ ತೀರಿಕೊಂಡಳು. ಅವಳ 'ತಾಲರ್' ನಾಣ್ಯದ ಮೇಲೆ 1780 ಎಂದೇ ಇದೆ, ಆದರೆ ಇಂದು ಜಗತ್ತಿನಲ್ಲಿರುವ ಆ ನಾಣ್ಯಗಳಲ್ಲಿ ಬಹುಪಾಲು ಅವಳು ಸತ್ತ ಮೇಲೆ ಟಂಕವಾದವು. ಕೆಂಪು ಸಮುದ್ರದ ಎರಡೂ ದಡಗಳಲ್ಲಿ, ಇಥಿಯೋಪಿಯಾದಲ್ಲಿಯೂ ಯೆಮೆನಿನಲ್ಲಿಯೂ, ಕಾಫಿ ಮತ್ತು ಇತರ ಸರಕುಗಳಿಗೆ ಜನ ಈ ನಾಣ್ಯವನ್ನು ಮಾತ್ರ ಒಪ್ಪುತ್ತಿದ್ದರು. ಬೇರೆ ಮುಖದ ನಾಣ್ಯ ತಂದವರ ಬೆಳ್ಳಿ ಎಷ್ಟೇ ಶುದ್ಧವಾಗಿದ್ದರೂ ನಡೆಯುತ್ತಿರಲಿಲ್ಲ. ಅವಳ ಭುಜದ ಮೇಲಿನ ಪದಕದ ಮುತ್ತುಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆಯೇ ಎಂದು ಬೆರಳಾಡಿಸಿ ನೋಡಿ, ಸವೆದಿದ್ದರೆ ಹಿಂದಿರುಗಿಸುತ್ತಿದ್ದರು. ಅಂಚಿನ ಮೇಲೆ ಅವಳ ಧ್ಯೇಯವಾಕ್ಯ, 'ನ್ಯಾಯ ಮತ್ತು ದಯೆಯಿಂದ' ಎಂಬ ಅರ್ಥದ ಲ್ಯಾಟಿನ್ ಬರಹ, ಉಬ್ಬಾಗಿ ಇರುತ್ತದೆ. ಅಂಚನ್ನು ಕೆರೆದು ಬೆಳ್ಳಿ ಕದಿಯುವುದಕ್ಕೆ ಅದು ಅಡ್ಡಿಯಾಗಿತ್ತು.

ಈ ಮುಖ ಎಳೆಯ ಹುಡುಗಿಯದಲ್ಲ. 1765ರಲ್ಲಿ ಗಂಡ ಫ್ರಾನ್ಸಿಸ್ ತೀರಿಕೊಂಡ ಮೇಲೆ ಅವಳು ಧರಿಸಿದ ವಿಧವೆಯ ಮುಸುಕು ನಾಣ್ಯದಲ್ಲಿದೆ. ಹದಿನಾರು ಮಕ್ಕಳನ್ನು ಹೆತ್ತ ತಾಯಿಯ ತುಂಬಿದ ಮೈ ಇದೆ, ದಪ್ಪಗದ್ದವಿದೆ. ವಿಕ್ಟೋರಿಯಾಳ ವಿಧವೆಯ ಮುಖ ನಮ್ಮ ರೂಪಾಯಿಗೆ ಬಾರದೆಹೋಯಿತು, ಮಾರಿಯಾ ತೆರೇಸಾಳ ವಿಧವೆಯ ಮುಖವಾದರೋ ದೂರದ ಮರುಭೂಮಿಗಳಲ್ಲಿ ಹೆಂಗಸರ ಕೊರಳ ಹಾರವಾಯಿತು. ಅಂದವೆಂದರೆ ಎಳೆತನ ಎಂಬ ನನ್ನ ಮೊದಲಿನ ಅಳತೆಗೋಲನ್ನು ಕೈಬಿಡುವಂತೆ ಮಾಡಿದ್ದು ಈ ನಾಣ್ಯ. ಮುಸುಕಿನ ಮಡಿಕೆಗಳನ್ನು ಕೆತ್ತಿದವನ ಕೈ ಎಷ್ಟು ಸ್ಥಿರವಾಗಿತ್ತೆಂದರೆ, ಬೆಳ್ಳಿ ಬಟ್ಟೆಯಾಗಿ ಬಿದ್ದಂತೆ ಕಾಣುತ್ತದೆ.

ಈ ನಾಣ್ಯಕ್ಕಾಗಿ ಸರ್ಕಾರಗಳು ಜಗಳವಾಡಿದ ಕಥೆಯೂ ಇದೆ. 1935ರಲ್ಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೊರಟ ಮುಸೊಲಿನಿ, ಅಲ್ಲಿ ನಡೆಯುವ ಹಣ ಬೇಕೆಂದು ಆಸ್ಟ್ರಿಯಾದಿಂದ ಅಚ್ಚುಗಳನ್ನು ಪಡೆದು ರೋಮಿನಲ್ಲಿ ತಾಲರ್ ಟಂಕಿಸಿದ. ಅದಕ್ಕೆ ಪ್ರತಿಯಾಗಿ ಮರುವರ್ಷದಿಂದ ಲಂಡನ್ನಿನ ಟಂಕಸಾಲೆಯೂ ಆರಂಭಿಸಿತು; ಪ್ಯಾರಿಸ್ ಮತ್ತು ಬ್ರಸೆಲ್ಸ್ ಕೂಡ ಸೇರಿಕೊಂಡವು. ನನಗೆ ಹೆಚ್ಚು ಪ್ರಿಯವಾದದ್ದು ಮುಂದಿನ ಘಟ್ಟ: ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಮುಂಬಯಿಯ ಟಂಕಸಾಲೆಯೂ ಈ ತಾಲರ್‌ಗಳನ್ನು ಅಚ್ಚು ಹಾಕಿತು. ಒಂದೂವರೆ ಶತಮಾನದ ಹಿಂದೆ ಸತ್ತ ವಿಯೆನ್ನಾದ ರಾಣಿ, ಮುಂಬಯಿಯ ಕೆಲಸಗಾರರ ಕೈಯಲ್ಲಿ, ಆಫ್ರಿಕಾದ ಸಂತೆಗಳಿಗಾಗಿ ಮತ್ತೆ ಹುಟ್ಟಿದಳು. ವಿಚಿತ್ರವೆಂದರೆ ಅದೇ ಹೊತ್ತಿನಲ್ಲಿ ನಮ್ಮ ರಾಣಿ ಛಾಪು ಚಲಾವಣೆಯಿಂದ ಹೊರನಡೆಯಿತು. ವಿಕ್ಟೋರಿಯಾಳ ರೂಪಾಯಿ 1941ರ ಮಾರ್ಚ್ 31ರ ನಂತರ ಕಾನೂನಿನ ಹಣವಾಗಿ ಉಳಿಯಲಿಲ್ಲ. ಯುದ್ಧಕಾಲದಲ್ಲಿ ಬೆಳ್ಳಿ ಬೇಕಾಗಿತ್ತು. ಸರ್ಕಾರ ಕರೆದರೂ ಹಿಂದಿರುಗದೆ ಪೆಟ್ಟಿಗೆಯಲ್ಲಿ ಉಳಿದವು, ತಾಳಿ-ಹಾರಗಳಿಗೆ ಸೇರಿದವು, ಲಂಬಾಣಿ ಹೆಣ್ಣುಮಕ್ಕಳ ಉಡುಪಿಗೆ ಹೊಲಿಯಲ್ಪಟ್ಟವು ಇಂದು ನಮಗೆ ಸಿಗುತ್ತಿವೆ. ಇಂತಹ ನಾಣ್ಯಗಳಲ್ಲಿ ಕೊಂಡಿ ಬೆಸೆದು ತೆಗೆದ ಗುರುತು ಕಿರೀಟದ ಮೇಲಂಚಿನಲ್ಲಿ ಇರುತ್ತದೆ. ಮಾರುಕಟ್ಟೆಯಲ್ಲಿ ಅದು ದೋಷ, ಬೆಲೆ ಇಳಿಯುತ್ತದೆ; ನಾನು ಅಂತಹವನ್ನು ಬೇಕೆಂದೇ ಕೊಳ್ಳುತ್ತೇನೆ. ಯಾರದೋ ಕೊರಳಲ್ಲಿದ್ದ ನಾಣ್ಯ ಅದು.

ಪ್ರಾಚೀನ ನಾಣ್ಯಗಳು ನನ್ನ ಕೈಗೆ ಎಟುಕುವುದು ಕಡಿಮೆ, ಆದರೂ ಒಂದರ ಬಗ್ಗೆ ಹೇಳದೆ ಇರಲಾರೆ. ರೋಮಿನ ಟೈಬೀರಿಯಸ್ ಚಕ್ರವರ್ತಿಯ ದಿನಾರಿಯಸ್ ಎಂಬ ಬೆಳ್ಳಿಯ ನಾಣ್ಯದ ಹಿಮ್ಮುಖದಲ್ಲಿ ರಾಜದಂಡವನ್ನೂ ಒಂದು ರೆಂಬೆಯನ್ನೂ ಹಿಡಿದು ಪೀಠದಲ್ಲಿ ಕುಳಿತ ಹೆಂಗಸೊಬ್ಬಳಿದ್ದಾಳೆ. ಶಾಂತಿದೇವತೆಯ ರೂಪದಲ್ಲಿರುವ ಅವಳನ್ನು ಆಗಸ್ಟಸನ ಮಡದಿ, ಟೈಬೀರಿಯಸನ ತಾಯಿ ಲಿವಿಯಾ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಟೈಬೀರಿಯಸ್ ಕ್ರಿ.ಶ. 37ರಲ್ಲಿ ಸಾಯುವವರೆಗೆ ಈ ಚಿತ್ರವನ್ನು ಹೆಚ್ಚುಕಡಿಮೆ ಬದಲಿಸಲೇ ಇಲ್ಲ. ಮೆಣಸು, ಮುತ್ತು, ಹತ್ತಿಬಟ್ಟೆಗಳಿಗಾಗಿ ದಕ್ಷಿಣ ಭಾರತಕ್ಕೆ ಹರಿದುಬಂದ ರೋಮನ್ ಬೆಳ್ಳಿಯಲ್ಲಿ ಇದರ ಪಾಲು ದೊಡ್ಡದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ದಿನಾರಿಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇಂತಹ ನಾಣ್ಯಗಳ ನಿಧಿಯೇ ಸಿಕ್ಕಿತು. ಮುಂದೆ ನೀರೋ ಚಕ್ರವರ್ತಿ ಬೆಳ್ಳಿಯ ಪ್ರಮಾಣವನ್ನು ತಗ್ಗಿಸಿದ ಮೇಲೆ ಬಂದ ದಿನಾರಿಗಳು ನಮ್ಮ ಕಡೆ ಸಿಗುವುದು ಅಪರೂಪ. ಎರಡು ಸಾವಿರ ವರ್ಷದ ಹಿಂದೆ ಚಂದ್ರವಳ್ಳಿಯ ವರ್ತಕ ಆ ಕುಳಿತ ಹೆಂಗಸಿನ ಹೆಸರು ತಿಳಿದಿದ್ದನೋ ಇಲ್ಲವೋ, ಅವಳಿರುವ ಬೆಳ್ಳಿ ಒಳ್ಳೆಯದು ಎಂಬುದನ್ನಂತೂ ತಿಳಿದಿದ್ದ. ಈ ಸಂಗತಿಯನ್ನು ಓದಿದ ದಿನ ನನಗೆ ಅಜ್ಜಿಯ ನೆನಪಾಯಿತು.

ಮುಖವಿಲ್ಲದ ಒಂದು ರಾಣಿ ನಾಣ್ಯವೂ ನನ್ನ ಮನಸ್ಸಿನಲ್ಲಿದೆ. ಜಹಾಂಗೀರನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆಗ್ರಾ, ಲಾಹೋರ್, ಸೂರತ್ ಮುಂತಾದ ಟಂಕಸಾಲೆಗಳಲ್ಲಿ ನೂರ್ ಜಹಾನಳ ಹೆಸರು ಹೊತ್ತ ನಾಣ್ಯಗಳು ಹೊರಬಂದವು. ಜಹಾಂಗೀರ್ ತನ್ನ ಚಿತ್ರವನ್ನು ಮೊಹರು ಎಂಬ ಚಿನ್ನದ ನಾಣ್ಯದ ಮೇಲೆ ಹಾಕಿಸಿಕೊಂಡವನು; ಅವಳಿಗೆ ಕೊಟ್ಟಿದ್ದು ಚಿತ್ರವಲ್ಲ, ಒಂದು ಪಾರ್ಸಿ ದ್ವಿಪದಿ. ಷಾ ಜಹಾಂಗೀರನ ಆಜ್ಞೆಯಿಂದ, ನೂರ್ ಜಹಾನ್ ಬಾದಶಾಹ್ ಬೇಗಮಳ ಹೆಸರು ತೊಟ್ಟು, ಚಿನ್ನವು ನೂರು ಆಭರಣಗಳನ್ನು ಪಡೆಯಿತು ಎಂಬುದು ಅದರ ಭಾವ. ರಾಣಿಗೆ ಚಿನ್ನ ತೊಡಿಸುವುದು ಲೋಕದ ರೂಢಿ, ಇಲ್ಲಿ ಚಿನ್ನಕ್ಕೇ ರಾಣಿಯ ಹೆಸರನ್ನು ತೊಡಿಸಿದ್ದಾರೆ. ಇದನ್ನು ನಾನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಮಾತ್ರ ನೋಡಬಲ್ಲೆ, ಅದರ ಬಗ್ಗೆ ನನಗೆ ಬೇಸರವಿಲ್ಲ.

ಈ ಹಾದಿಗೆ ಹೊಸದಾಗಿ ಬರುವವರಿಗೆ ಒಂದೆರಡು ಮಾತು ಹೇಳಲೇಬೇಕು. ವಿಕ್ಟೋರಿಯಾಳ ಸಾಮಾನ್ಯ ವರ್ಷದ, ಸವೆದ ರೂಪಾಯಿಗಳ ಬೆಲೆ ಬೆಳ್ಳಿಯ ಬೆಲೆಯಿಂದ ಬಹಳ ದೂರ ಹೋಗುವುದಿಲ್ಲ. ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಮೊಬೈಲಿಗೆ ಬರುವ ಸಂದೇಶಗಳು ಮೋಸ. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ತನ್ನ ಹೆಸರಿನಲ್ಲಿ ನಡೆಯುವ ಇಂತಹ ವಂಚನೆಯ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಎರಕ ಹೊಯ್ದ ನಕಲಿ ನಾಣ್ಯಗಳು ಸಾಕಷ್ಟಿವೆ. ತೂಕ ನೋಡಿ, ಅಂಚಿನಲ್ಲಿ ಎರಡು ಹೋಳು ಸೇರಿದ ಗೆರೆ ಇದೆಯೇ ನೋಡಿ, ಉಡುಪಿನ ಹೂಬಳ್ಳಿ ಕರಗಿದಂತೆ ಮೊಂಡಾಗಿದೆಯೇ ನೋಡಿ. ಅಜ್ಜಿಯರ ಕಾಲದ ನಾಣ್ಯವನ್ನು ನೆನಪಿಗೆಂದು ಹೊರದೇಶದ ಮನೆಗೆ ಒಯ್ಯಬಯಸುವ ಬಂಧುಗಳು ನನಗೂ ಇದ್ದಾರೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತು. ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ ಎಂಬುದನ್ನು ಅವರಿಗೆ ಪ್ರತಿ ಬಾರಿಯೂ ನೆನಪಿಸುತ್ತೇನೆ.

ಎಲ್ಲಕ್ಕಿಂತ ಮುಖ್ಯವಾಗಿ, ನಾಣ್ಯವನ್ನು ತಿಕ್ಕಬೇಡಿ. ಅಜ್ಜಿ ತೀರಿಕೊಂಡ ಮೇಲೆ ಆ ರೂಪಾಯಿ ನನ್ನ ಪಾಲಿಗೆ ಬಂದಾಗ, ಕುಂಕುಮ ಮತ್ತು ಎಣ್ಣೆಯ ಜಿಡ್ಡು ಕೂತು ಕಪ್ಪಾಗಿದ್ದ ಅದನ್ನು ಹುಣಸೆಹಣ್ಣು ಮತ್ತು ಬೂದಿ ಹಾಕಿ, ಹೊಳೆಯುವ ತನಕ, ಶ್ರದ್ಧೆಯಿಂದ ಉಜ್ಜಿದೆ. ಅದು 1862ರ ಇಸವಿಯ ನಾಣ್ಯ. ಮುಂಬಯಿ ಟಂಕಸಾಲೆಯವರು ಇಸವಿಯನ್ನು ಬದಲಿಸದೆ, ಅದರ ಕೆಳಗೆ ಸಾಸಿವೆಗಿಂತ ಸಣ್ಣ ಚುಕ್ಕಿಗಳನ್ನು ಇಡುತ್ತಿದ್ದರು. ಆ ಚುಕ್ಕಿಗಳ ಎಣಿಕೆಯಿಂದ ನಾಣ್ಯ ನಿಜವಾಗಿ ಯಾವ ವರ್ಷದ್ದೆಂದು ಸಂಗ್ರಾಹಕರು ಲೆಕ್ಕ ಹಾಕುತ್ತಾರೆ. ಇದನ್ನು ನಾನು ಕಲಿತದ್ದು ಉಜ್ಜಿದ ಕೆಲವು ವರ್ಷಗಳ ನಂತರ. ಭೂತಗನ್ನಡಿ ಹಿಡಿದು ನೋಡಿದರೆ ಮೂರು ಚುಕ್ಕಿಗಳು ಖಚಿತವಾಗಿ ಇವೆ. ನಾಲ್ಕನೆಯದರ ಜಾಗದಲ್ಲಿ ಮೊದಲೇ ಸವೆದಿದ್ದ ಬೆಳ್ಳಿಯ ಮೇಲೆ ನನ್ನ ಬೂದಿಯ ಗೀರುಗಳಿವೆ. ಅಜ್ಜಿಯ ಮಾವ ಆ ಅಡಿಕೆಯನ್ನು ಮಾರುವ ಮೊದಲು ಆ ನಾಣ್ಯ ಎಷ್ಟು ವರ್ಷ ಊರೂರು ತಿರುಗಿತ್ತು ಎಂಬುದನ್ನು ತಿಳಿಯುವ ದಾರಿ ಹೀಗೆ ಮಸುಕಾಯಿತು. ಈಗ ಪ್ರತಿ ದೀಪಾವಳಿಗೆ ಅದನ್ನು ಒಣ ಹತ್ತಿಬಟ್ಟೆಯಲ್ಲಿ ಒತ್ತಿ ತೆಗೆದು ತಟ್ಟೆಯಲ್ಲಿಡುತ್ತೇನೆ, ಕುಂಕುಮವನ್ನು ಪಕ್ಕದ ಅಕ್ಕಿಗೆ ಹಾಕುತ್ತೇನೆ.